ಪ್ಲಾಟ್ ಏಳು: ಹಸ್ತಾಂತರ

ಪೊನ್ನಂಪೇಟೆಯ ಕಾಲೇಜಿನ ಫಲಕದಲ್ಲಿ
ನೀನು ಓದಿರುವ ಪ್ರಕಟಣೆಯನ್ನೇ
ಮೂರು ವರ್ಷದ ಹಿಂದೆ ನಾನೂ ಓದಿದ್ದೆ.
'ಕುಸಿದ ಗುಡ್ಡಗಳಲ್ಲಿ ಕಾಡಿನ ಮರುಹುಟ್ಟು.
ಸಂಶೋಧನಾ ವಿದ್ಯಾರ್ಥಿ ಬೇಕು, ಸ್ಥಾನ ಒಂದು.
ಶಿಷ್ಯವೇತನ ನಿಯಮಾನುಸಾರ.
ಬೈಕ್ ಓಡಿಸಬಲ್ಲವರಿಗೆ ಆದ್ಯತೆ.'
ನನಗೆ ಬೈಕ್ ಬರುತ್ತಿರಲಿಲ್ಲ.
ಬರುತ್ತದೆ ಎಂದು ಬರೆದೆ.

ನನ್ನೂರು ಬಸವಕಲ್ಯಾಣದ ಕಡೆ,
ಬೇವು ಬಿಟ್ಟರೆ ಜಾಲಿ, ಜಾಲಿ ಬಿಟ್ಟರೆ ಬೇವು.
ಇಲ್ಲಿ ಮೊದಲ ದಿನ ಬೊಳ್ಕ
ಒಂದೊಂದೇ ಎಲೆ ಕಿತ್ತು ಹಿಸುಕಿ ಮೂಗಿಗೆ ಹಿಡಿದ:
ಧೂಪ. ಕಾಡುಜಾಯಿ. ಬಳಂಜಿ.
ಸಂಜೆಗೆ ಎಲ್ಲಕ್ಕೂ ಒಂದೇ ವಾಸನೆ,
ನನ್ನ ಕೈಯದು.

ಪ್ಲಾಟ್ ಏಳು ಇರುವುದು ಮಕ್ಕಂದೂರಿನಾಚೆ,
ಗುಡ್ಡ ಕಳಚಿಕೊಂಡ ಜಾಗದಲ್ಲಿ.
ಅರ್ಧ ಕಾಡು, ಅರ್ಧ ಕುಶಾಲಪ್ಪನವರ ಕಾಫಿ.
ಇತ್ತು ಅನ್ನಬೇಕು. ಗಡಿ ಎಲ್ಲಿ ಅಂದರೆ
ಅವರು ಬರಿಗಾಳಿಗೆ ಬೆರಳು ತೋರಿಸಿ
'ಅಷ್ಟು ಎತ್ತರದಲ್ಲಿತ್ತು ನೆಲ' ಅನ್ನುತ್ತಾರೆ,
ಮರಕುಟಿಕ ಹಾರಿಹೋಗುತ್ತಿರುವಲ್ಲಿಗೆ.

ಪ್ರಕಟಣೆಯಲ್ಲಿ ಇಲ್ಲದ್ದನ್ನು ಹೇಳಿಬಿಡುತ್ತೇನೆ.
ಜಿಗಣೆಗೆ ಉಪ್ಪಿಗಿಂತ ಹೊಗೆಸೊಪ್ಪಿನ ನೀರು ಮೇಲು.
ಎದೆಮಟ್ಟದ ಸುತ್ತಳತೆ ಅಂದರೆ
ನೆಲದಿಂದ ನೂರಮೂವತ್ತೇಳು ಸೆಂಟಿಮೀಟರು.
ಯಾರ ಎದೆಯೋ, ನನಗದು ಗಲ್ಲ.
ಮೂರು ವರ್ಷ ಮರಗಳಿಗೆ ಗಲ್ಲ ಒತ್ತಿ ಟೇಪು ಸುತ್ತಿದ್ದೇನೆ.
ಕಕ್ಕಡ ಹದಿನೆಂಟಕ್ಕೆ ಬಾಡಿಗೆಮನೆಯ ಮುದ್ದವ್ವ
ಮದ್ದುಸೊಪ್ಪಿನ ಪಾಯಸ ಕೊಡುತ್ತಾರೆ, ಬೇಡವೆನ್ನಬೇಡ.
ಮರುದಿನ ಬಚ್ಚಲಲ್ಲಿ ಕೆಂಪು ಕಂಡು
ಆಸ್ಪತ್ರೆಗೆ ಓಡಲೂಬೇಡ.
ಓಡಿದವಳು ಹೇಳುತ್ತಿದ್ದೇನೆ.

ಈಗ ಅರವತ್ತಮೂರರ ವಿಷಯ.

ಅದು ಹಾಲುವಾಣ, ಕಾಫಿಯ ನೆರಳಿಗೆ ನೆಟ್ಟದ್ದು,
ಕುಸಿತದ ಅಂಚಿನಲ್ಲಿ ಉಳಿದುಕೊಂಡಿತ್ತು.
ನಾನೇ ಮೊಳೆ ಹೊಡೆದು ತಗಡು ಕೂರಿಸಿದ್ದೆ.
ಎರಡನೆಯ ಮಳೆಗಾಲ ಅಂಚೂ ಜಾರಿತು,
ಹನ್ನೊಂದು ಮರ ಒಂದೇ ರಾತ್ರಿ.
ಹಾಳೆಯಲ್ಲಿ ಇರುವುದು ಮೂರೇ ಕಾಲಂ:
ಬದುಕಿದೆ, ಸತ್ತಿದೆ, ಸಿಕ್ಕಿಲ್ಲ.
ಹನ್ನೊಂದಕ್ಕೂ 'ಸಿಕ್ಕಿಲ್ಲ' ಬರೆದು ಊಟಕ್ಕೆ ಹೋದೆ.

ದೀಪಾವಳಿ ಕಳೆದ ಮೇಲೆ ಹಟ್ಟಿಹೊಳೆಯ ಹುಡುಗನೊಬ್ಬ
ಹೆಗಲಲ್ಲಿ ಬಲೆ ಹೊತ್ತವನು ಬಂದು
'ಅಕ್ಕಾ, ನಿಮ್ಮ ನಂಬರಿನ ಮರ ನಮ್ಮ ದಂಡೆಯಲ್ಲಿದೆ,
ಚಿಗುರಿದೆ' ಅಂದ.

ಹೋದೆವು. ಹೂಳಲ್ಲಿ ಅರ್ಧ ಹುದುಗಿ ಮಲಗಿತ್ತು.
ತಗಡು ಮೇಲ್ಮುಖ, ಆರು ಮೂರು ಸ್ಪಷ್ಟ.
ಮೈಯುದ್ದಕ್ಕೆ ನೆಟ್ಟಗೆ ಮೂರು ಕೊಂಬೆ.
ಟೇಪು ಹಿಡಿದು ನಿಂತೇ ಇದ್ದೆ:
ಮಲಗಿದ ಮರಕ್ಕೆ ಎದೆಮಟ್ಟ ಯಾವುದು?
ಬೊಳ್ಕ ನಕ್ಕ. 'ಹಾಲುವಾಣ ತಾನೆ?
ಬೇಲಿಗೆ ಗೂಟ ಹೂತರೂ ಬೇರು ಬಿಡುತ್ತದೆ.
ಇದನ್ನು ಹೊಳೆ ಹೂತಿದೆ.'

ಗೈಡು 'ಬಿಟ್ಟುಬಿಡಿ,
ಒಂದು ಚುಕ್ಕಿಯಿಂದ ಗೆರೆ ಎಳೆಯಲಾಗದು' ಅಂದರು.
ಅವರ ಮಾತು ಸರಿ. ನನ್ನ ಪ್ರಬಂಧದಲ್ಲಿ
ಅರವತ್ತೆರಡರ ನಂತರ ಅರವತ್ತನಾಲ್ಕು.

ಕನ್ನಡದ ಸಾರಾಂಶಕ್ಕೆ ಒಂದು ಪದ ಸಿಗದೆ ಒದ್ದಾಡಿದೆ.
'ಸ್ಥಿತಿಸ್ಥಾಪಕತ್ವ' ಅಂದಿತು ನಿಘಂಟು,
ರಬ್ಬರಿನ ನಾತ ಹೊಡೆಯಿತು.
'ಚೇತರಿಕೆ' ಅಂದರೆ ಜ್ವರ ಬಿಟ್ಟ ಹಾಗೆ.
ಕೊನೆಗೆ ಅದನ್ನೇ ಹಾಕಿದೆ, ಅರೆಮನಸ್ಸಿನಿಂದ.

ಕುಶಾಲಪ್ಪನವರು ಒಮ್ಮೆ ಗಾಯದ ಮೇಲೆ ಎದ್ದ
ಇನ್ನೂರ ಹದಿನಾಲ್ಕು ಉಪ್ಪಳಿಗೆ ಸಸಿ ನೋಡಿ
'ಇದರ ನೆರಳಲ್ಲಿ ಕಾಫಿ ಬರ್ತದಾ?' ಅಂತ ಕೇಳಿದರು.
ಗೊತ್ತಿಲ್ಲ ಅಂದೆ. ಅವರು ಬಯ್ಯಲಿಲ್ಲ.
ಬೇಕಾದರೆ ಆ ಪ್ರಶ್ನೆ ನೀನು ತೆಗೆದುಕೋ,
ಅದಕ್ಕೆ ಯಾರೂ ಅರ್ಜಿ ಹಾಕಿಲ್ಲ.

ಟೇಪು, ಸುತ್ತಿಗೆ, ಉಳಿದ ತಗಡುಗಳು ಡಬ್ಬಿಯಲ್ಲಿವೆ.
ಹಾಳೆಯಲ್ಲಿ ನಾಲ್ಕನೆಯ ಕಾಲಂ
ಪೆನ್ಸಿಲಿನಿಂದ ಎಳೆದಿಟ್ಟಿದ್ದೇನೆ, ತಲೆಬರಹ ಹಾಕಿಲ್ಲ.
ಹೊಳೆದಂಡೆಗೆ ಮಳೆಗೆ ಮೊದಲೊಮ್ಮೆ,
ಮಳೆಯ ನಂತರ ಒಮ್ಮೆ ಹೋಗಿ ಬಾ.
ಬೈಕಿನ ಕೀಲಿ ಮುದ್ದವ್ವನ ಹತ್ತಿರವಿದೆ.
ಹಿಂದಿನ ಬ್ರೇಕ್ ಹಿಡಿಯುವುದಿಲ್ಲ,
ಇಳಿಜಾರಿನಲ್ಲಿ ಎರಡನೇ ಗೇರು.